ಟೀಚರ್ ಜಾಣ ಎಂದ ದಿನ

ಹಳೇನಗರ, ಭದ್ರಾವತಿ
೧೨ ಜೂನ್ ೨೦೨೪

ಪೂಜ್ಯ ವಿಮಲಾ ಟೀಚರಿಗೆ, ನಿಮ್ಮ ಹಳೇ ವಿದ್ಯಾರ್ಥಿ ಜಯಪ್ಪನ ನಮಸ್ಕಾರಗಳು.

ನಿಮಗೆ ನನ್ನ ನೆನಪಿರಲಿಕ್ಕಿಲ್ಲ. ಮೇದರ ದುರ್ಗಮ್ಮನ ಮಗ ಅಂದರೆ ನೆನಪಾಗಬಹುದು. ಗೌರಿ ಹಬ್ಬಕ್ಕೆ ನಿಮ್ಮ ಮನೆಗೆ ಬಾಗಿನದ ಮೊರ ಕೊಡುತ್ತಿದ್ದವಳು ನಮ್ಮವ್ವ. ಅವಳು ತೀರಿಕೊಂಡು ಹನ್ನೆರಡು ವರ್ಷವಾಯಿತು. ೧೯೭೭ರಲ್ಲಿ ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡವರು ನೀವು. ಏಳನೇ ಕ್ಲಾಸಿನವರೆಗೆ ಓದಿ ಬಿಟ್ಟೆ. ಈಗಲೂ ಅದೇ ಕಸುಬು. ಬುಟ್ಟಿ, ಮೊರ, ತಡಿಕೆ. ಹುಟ್ಟಿದಾಗ ತೊಟ್ಟಿಲಿಗೂ ಹೋದಾಗ ಚಟ್ಟಕ್ಕೂ ಜನ ನಮ್ಮ ಹತ್ತಿರವೇ ಬರಬೇಕು. ನಡುವೆ ಮಾತ್ರ ಅವರಿಗೆ ಪ್ಲಾಸ್ಟಿಕ್ ಸಾಕು.

ನಿಮ್ಮ ವಿಳಾಸ ಸಿಕ್ಕಿದ್ದು ಶ್ರೀಗೌರಿ ಮೇಡಂ ಅವರಿಂದ. ನನ್ನ ಮಗಳು ಕವನಳಿಗೆ ಅವರು ಕಾಲೇಜಿನಲ್ಲಿ ಪಾಠ ಮಾಡಿದ್ದಾರೆ. ಅವರು ನಿಮ್ಮ ಮಗಳು ಎಂದು ತಿಳಿದು ಫೋನ್ ನಂಬರ್ ಕೇಳಿದೆ. "ಅಮ್ಮನಿಗೆ ಕಿವಿ ಸರಿಯಾಗಿ ಕೇಳಿಸಲ್ಲ. ಫೋನಲ್ಲಿ ಎಲ್ಲದಕ್ಕೂ ಹೂಂ ಅಂತಾರೆ. ಕಾಗದ ಬರೀರಿ, ಕಾಗದ ಅಂದ್ರೆ ಅವ್ರಿಗೆ ಪ್ರಾಣ" ಅಂದರು. ಹಾಗಾಗಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಬೇಡಿ, ಈಗ ವಯಸ್ಸಾಗಿದೆ.

ಒಂದು ಸಂತೋಷದ ಸುದ್ದಿ. ಕವನ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ಓಟದಲ್ಲಿ, ಪರೀಕ್ಷೆಯಲ್ಲಿ ಎಲ್ಲದರಲ್ಲೂ ಪಾಸು. ಅವಳನ್ನು ಓದಿಸಿದ್ದು ನಿಮ್ಮ ಒಂದು ಮಾತಿನಿಂದ, ಟೀಚರ್. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಹಬ್ಬದ ಮೊರ ಕೊಡಲು ನಿಮ್ಮ ಮನೆಗೆ ಬಂದಿದ್ದೆ. ಹೊರಡುವಾಗ ನೀವು "ಜಾಣ ಕಣೋ ನೀನು" ಅಂದಿರಿ. ಹಿಂದಿನ ಶನಿವಾರ ಏಳರ ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದ್ದೆ, ಅದಕ್ಕೇ ಅಂದಿರಿ. ಮಗಳು ಪುಸ್ತಕ ಬಿಸಾಕಿದಾಗಲೆಲ್ಲ ಇದನ್ನೇ ಹೇಳುತ್ತಿದ್ದೆ, ನಿಮ್ಮಪ್ಪನೂ ಜಾಣನೇ, ಟೀಚರೇ ಹೇಳಿದ್ದಾರೆ ಅಂತ.

ನಿಮ್ಮಿಂದ ಒಂದು ಸಣ್ಣ ಉಪಕಾರ ಬೇಕಿತ್ತು. ನಾನು ಮೇದರವನು, ಮೇದರ ಮನೆಯಿಂದಲೇ ಶಾಲೆಗೆ ಬರುತ್ತಿದ್ದೆ ಎಂದು ಎರಡು ಸಾಲು ಬರೆದುಕೊಟ್ಟರೆ ಕವನಳ ಕೆಲಸದ ಕಾಗದಪತ್ರಕ್ಕೆ ಅನುಕೂಲ. ಆತುರವೇನಿಲ್ಲ.

ಇಂತಿ ನಿಮ್ಮ ವಿಧೇಯ,
ಜಯಪ್ಪ


ದುರ್ಗಿಗುಡಿ, ಶಿವಮೊಗ್ಗ
೨೧ ಜೂನ್ ೨೦೨೪

ಚಿರಂಜೀವಿ ಜಯಪ್ಪನಿಗೆ ವಿಮಲಾ ಟೀಚರ್ ಮಾಡುವ ಆಶೀರ್ವಾದಗಳು.

ನಿನ್ನ ನೆನಪಿಲ್ಲದೆ ಏನು? ಬಲಗೈ ಬೆರಳಿಗೆ ಯಾವಾಗಲೂ ಬಟ್ಟೆಚೂರು ಸುತ್ತಿಕೊಂಡು ಬರುತ್ತಿದ್ದೆ. ಬಿದಿರು ಸೀಳುವಾಗ ಆದ ಗಾಯ. ಬಳಪ ಹಿಡಿಯಲು ಕಷ್ಟವಾದರೂ ಅಕ್ಷರ ಮಾತ್ರ ದುಂಡಗೆ. ಈಗಲೂ ಹಾಗೆಯೇ ಇವೆ. ಮೂರು ಕಡೆ ಒತ್ತಕ್ಷರ ತಪ್ಪಿದೆ, ಹೇಳುವುದಿಲ್ಲ.

ನಿನ್ನ ಕಾಗದವನ್ನು ಊಟದ ಮೇಜಿನ ಮೇಲಿಟ್ಟು ನಾಲ್ಕು ಸಾರಿ ಓದಿದೆ. ಎಪ್ಪತ್ತಾರು ವರ್ಷಕ್ಕೆ ಟೀಚರೊಬ್ಬಳಿಗೆ ಇದಕ್ಕಿಂತ ಏನು ಬೇಕು. ನಾನು ಅಂದ ಒಂದು ಮಾತನ್ನು ನೀನು ಇಷ್ಟು ವರ್ಷ ಇಟ್ಟುಕೊಂಡಿದ್ದೀಯಲ್ಲ ಎಂದು ಕಣ್ಣು ತುಂಬಿತು.

ಆದರೆ ನೀನು ಕೇಳಿದ ಆ ಎರಡು ಸಾಲಿನ ವಿಷಯ. ನಿನಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಆಗ ಶಿವಮೊಗ್ಗದಲ್ಲಿ ಜಾತಿ ಬಿಡಬೇಕು ಎಂಬ ಭಾಷಣಗಳ ಕಾಲ. ನಾನು, ನಮ್ಮ ಯಜಮಾನರು ವೆಂಕಟಾಚಲ, ಇಬ್ಬರೂ ರೈಲು ಹಿಡಿದು ಹೋಗಿ ಕೇಳಿಬರುತ್ತಿದ್ದೆವು. ದಾಖಲಾತಿ ರಿಜಿಸ್ಟರ್ ನನ್ನ ಕೈಗೆ ಬಂದ ಮೂರು ವರ್ಷ, ಯಾವ ಮಗುವಿನ ಜಾತಿಯನ್ನೂ ನಾನು ಬರೆಯಲಿಲ್ಲ. ಆ ಕಾಲಂನಲ್ಲಿ ಮೇಲಿಂದ ಕೆಳಗೆ ಒಂದು ಗೆರೆ. ಬ್ರಾಹ್ಮಣರ ಮಕ್ಕಳಿಗೂ ಅದೇ ಗೆರೆ, ನಿನಗೂ ಅದೇ ಗೆರೆ. ಹೆಡ್ಮಾಸ್ಟರು ಬೈದರು, ಮೆಮೋ ಕೊಡುತ್ತೇನೆ ಅಂದರು. ನಾನು ಬಗ್ಗಲಿಲ್ಲ. ನನ್ನ ಸರ್ವಿಸಿನಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಅಂಥವಳ ಕೈಯಿಂದ ಈಗ ಅದನ್ನು ಬರೆಸುತ್ತೀಯಾ? ನಿನ್ನ ಮಗಳು ಸ್ವಂತ ಬಲದಿಂದ ಓಡಿ ಗೆದ್ದವಳು. ಅವಳಿಗೆ ಇದೆಲ್ಲ ಯಾಕೆ? ಬೇಕಾದರೆ ನಿನ್ನ ನಡತೆ, ಓದಿನ ಬಗ್ಗೆ ಪುಟಗಟ್ಟಲೆ ಬರೆದುಕೊಡುತ್ತೇನೆ.

ಕವನಳಿಗೆ ನನ್ನ ಆಶೀರ್ವಾದ ಹೇಳು.

ಶುಭ ಕೋರುವ,
ವಿಮಲಾ


ಭದ್ರಾವತಿ
೧ ಜುಲೈ ೨೦೨೪

ಪೂಜ್ಯ ಟೀಚರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಆಶೀರ್ವಾದ ಕವನಳಿಗೆ ತಿಳಿಸಿದ್ದೇನೆ. ನೀವು ಹೇಳಿದ್ದು ಸರಿ. ಬೇರೆ ದಾರಿ ನೋಡುತ್ತೇವೆ. ಆರೋಗ್ಯ ನೋಡಿಕೊಳ್ಳಿ.

ಜಯಪ್ಪ


ದುರ್ಗಿಗುಡಿ, ಶಿವಮೊಗ್ಗ
೨೪ ಜುಲೈ ೨೦೨೪

ಚಿ. ಜಯಪ್ಪನಿಗೆ ಆಶೀರ್ವಾದಗಳು.

ಮೂರು ವಾರ ಕಾದೆ. ಇನ್ನೊಂದು ಕಾಗದ ಬರಲಿಲ್ಲ. ನಿನ್ನ ಕಳೆದ ಕಾಗದ ಎಷ್ಟು ಚಿಕ್ಕದಿತ್ತೆಂದರೆ, ಕೆಲಸದ ಗಡಿಬಿಡಿ ಇರಬೇಕು ಎಂದುಕೊಂಡೆ. ನಿನ್ನೆ ಶ್ರೀಗೌರಿ ನಿನ್ನ ಎರಡೂ ಕಾಗದ ಓದಿದಳು. ನಾನು ಏನು ಬರೆದೆ ಎಂದು ಕೇಳಿದಳು. ಹೇಳಿದೆ.

"ಅಮ್ಮಾ, ಅವ್ರು ಕೇಳಿದ್ದೊಂದು ಬಿಟ್ಟು ಊರಿಗೆಲ್ಲಾ ಆಗೋಷ್ಟು ಬರೆದಿದೀಯಲ್ಲ ಮಾರಾಯ್ತಿ. ಆತುರ ಇಲ್ಲ ಅಂತ ಯಾರು ಬರೀತಾರೆ ಗೊತ್ತಾ? ಆತುರ ಇರೋರು" ಎಂದಳು. ಆಮೇಲೆ ಎದ್ದು ಒಳಗೆ ಹೋದಳು.

ನಾನು ಮೊಂಡು ಹೆಂಗಸು, ಆದರೆ ಹೇಳಿದರೆ ಅರ್ಥವಾಗುತ್ತದೆ. ಏನಾಗಿದೆ ಎಂದು ಬಿಚ್ಚಿ ಬರಿ. ದಾಕ್ಷಿಣ್ಯ ಬೇಡ.

ವಿಮಲಾ


ಭದ್ರಾವತಿ
೪ ಆಗಸ್ಟ್ ೨೦೨೪

ಪೂಜ್ಯ ಟೀಚರಿಗೆ ನಮಸ್ಕಾರ.

ಬಿಚ್ಚಿ ಬರಿ ಅಂದಿರಿ, ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಕವನ ಆಯ್ಕೆಯಾಗಿರುವುದು ಪರಿಶಿಷ್ಟ ಪಂಗಡದ ಜಾಗಕ್ಕೆ. ತಹಸೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಇದೆ. ಆದರೆ ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಅದು ನಿಜವೇ ಎಂದು ಜಿಲ್ಲೆಯ ಸಮಿತಿಯೊಂದು ನೋಡುತ್ತದೆ. ಸುಳ್ಳು ಕಾಗದ ತಂದು ನಮ್ಮ ಜಾಗ ಹೊಡೆಯುವವರು ಹೆಚ್ಚಾದ ಮೇಲೆ ಬಿಗಿ ಮಾಡಿದ್ದಾರೆ. ಒಳ್ಳೆಯದೇ. ಸಮಿತಿಯವರು ತಂದೆಯ ಶಾಲಾ ದಾಖಲೆ ತನ್ನಿ ಅಂದರು. ನಾನು ಶಾಲೆಗೆ ಹೋಗಿ ರಿಜಿಸ್ಟರ್ ತೆಗೆಸಿದೆ. ಗುಮಾಸ್ತರು ನೋಡಿ, "ಏನ್ರೀ ಇದು, ಯಾರೋ ಸ್ಕೇಲ್ ಇಟ್ಟು ಗೆರೆ ಎಳ್ದವ್ರೆ" ಅಂದರು. ನಿಮ್ಮ ಅಕ್ಷರ ನನಗೆ ಗುರುತು ಸಿಕ್ಕಿತು. ನಿಮ್ಮ ಹೆಸರು ಮಾತ್ರ ಹೇಳಲಿಲ್ಲ.

ಆ ಗೆರೆಯಿಂದ ಬೇರೆಯವರಿಗೆ ಏನೂ ಆಗಲಿಲ್ಲ, ಟೀಚರ್. ಅವರಿಗೆ ಜಮೀನಿನ ಪಹಣಿ ಇದೆ, ಅಪ್ಪ ಅಜ್ಜನ ನೌಕರಿ ಕಾಗದ ಇದೆ. ನಮಗೆ ಇದ್ದದ್ದು ನಮ್ಮಪ್ಪನ ಬಿದಿರು ಕಾರ್ಡು ಒಂದೇ. ಡಿಪೋದಲ್ಲಿ ಮೇದರಿಗೆ ಕಡಿಮೆ ದರಕ್ಕೆ ಬಿದಿರು ಕೊಡಲು ಅರಣ್ಯ ಇಲಾಖೆಯವರು ಮಾಡಿಕೊಟ್ಟ ಕಾರ್ಡು. ಅದನ್ನು ಗೆದ್ದಲು ತಿಂದಿತು. ನಮ್ಮ ಮನೆಯಲ್ಲಿ ಶಾಲೆಗೆ ಹೋದವನು ನಾನೊಬ್ಬನೇ. ಅದಕ್ಕೇ ನನ್ನ ಹೆಸರಿನ ಮುಂದಿನ ಆ ಜಾಗವೇ ಬೇಕಿತ್ತು.

ಸರ್ಕಾರದ ಮಾತು ಹೇಗೆ ಬದಲಾಗುತ್ತದೆ ನೋಡಿ. ನಾನು ಚಿಕ್ಕವನಿದ್ದಾಗ ಮೇದರು ಯಾವ ಪಟ್ಟಿಯಲ್ಲಿದ್ದಾರೆ ಎಂದು ಮೇದರಿಗೇ ಗೊತ್ತಿರಲಿಲ್ಲ. ಆಮೇಲೆ ಪಂಗಡ ಅಂದರು. ಬಿದಿರನ್ನು ಮರ ಅಂದರು, ಒಂದು ಮೆಳೆ ಮುಟ್ಟಿದರೆ ಕೇಸು. ಗಾರ್ಡು ನನ್ನ ಕತ್ತಿ ಕಿತ್ತುಕೊಂಡು ಹೋದಾಗ ನಾನು ಎರಡು ದಿನ ಅವನ ಮನೆ ಬಾಗಿಲು ಕಾದಿದ್ದೇನೆ. ಈಗ ಬಿದಿರು ಮರವಲ್ಲ, ಹುಲ್ಲು ಅಂತ ಕಾನೂನಾಗಿದೆಯಂತೆ. ಆದರೆ ಮರವಾಗಿದ್ದಾಗ ಡಿಪೋದಲ್ಲಾದರೂ ಸಿಗುತ್ತಿತ್ತು. ಹುಲ್ಲಾದ ಮೇಲೆ ಅಲ್ಲೂ ಸಿಗುವುದಿಲ್ಲ.

ಆ ಗಾರ್ಡಿನ ಖಾಕಿ ನನ್ನ ಮಗಳು ಹಾಕಬೇಕು ಅನ್ನೋದು ನನ್ನ ಹಟ. ಅಕ್ಟೋಬರ್ ಮುಗಿಯುವುದರೊಳಗೆ ಸಮಿತಿಯ ಕಾಗದ ಕೊಡದಿದ್ದರೆ ಆ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ.

ನೀವು ಜಾತಿ ಬರೆಯಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಬರೆಯಲಿಲ್ಲ, ಅದು ನನಗೆ ಗೊತ್ತು. ಆದರೆ ನಾವು ಯಾರು ಎಂದು ತಿಳಿಯಲು ಊರಿಗೆ ಯಾವತ್ತೂ ರಿಜಿಸ್ಟರ್ ಬೇಕಾಗಿರಲಿಲ್ಲ. ಬೇಕಾಗಿದ್ದು ನಮಗೆ. ಸಿಟ್ಟು ಬಂದಿತ್ತು, ಈಗ ಬರೆದ ಮೇಲೆ ಕಡಿಮೆಯಾಗಿದೆ.

ಜಯಪ್ಪ


ದುರ್ಗಿಗುಡಿ, ಶಿವಮೊಗ್ಗ
೧೪ ಆಗಸ್ಟ್ ೨೦೨೪

ಚಿ. ಜಯಪ್ಪನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ನಾನು ಹೆಮ್ಮೆಪಡುತ್ತಿದ್ದ ಗೆರೆ ನಿನ್ನ ಮಗಳ ಕಾಲಿಗೆ ಅಡ್ಡ ಬಿದ್ದಿದೆ. ಎಲ್ಲರಿಗೂ ಒಂದೇ ಗೆರೆ ಎಳೆದರೆ ಎಲ್ಲರೂ ಒಂದೇ ಆಗುತ್ತಾರೆ ಎಂದುಕೊಂಡಿದ್ದೆ. ಯಾರ ಮನೆಯಲ್ಲಿ ಬೇರೆ ಕಾಗದ ಇದೆ, ಯಾರ ಮನೆಯಲ್ಲಿ ಇಲ್ಲ ಎಂದು ನಾನು ಯೋಚಿಸಲಿಲ್ಲ. ನಮ್ಮ ಮನೆಯಲ್ಲಿ ಟ್ರಂಕು ತುಂಬ ಇದ್ದವು.

ಇದರೊಂದಿಗೆ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಬರೆದುಕೊಟ್ಟಿದ್ದೇನೆ. ನೀನು ಮೇದರ ದುರ್ಗಮ್ಮನ ಮಗ ಎಂದು ನನಗೆ ಖುದ್ದು ಗೊತ್ತು, ಜಾತಿ ಕಾಲಂ ಖಾಲಿ ಬಿಟ್ಟವಳು ನಾನೇ ಎಂದು. ಶ್ರೀಗೌರಿ ನೋಟರಿ ಹತ್ತಿರ ಕರೆದುಕೊಂಡು ಹೋಗಿದ್ದಳು.

ಆಗಿನ ನನ್ನ ಪಾಠ ಟಿಪ್ಪಣಿ ಪುಸ್ತಕಗಳು ಅಟ್ಟದ ಮೇಲಿದ್ದವು. ಇಳಿಸಿ ನೋಡಿದೆ. ನಿನ್ನ ಕೆಲಸಕ್ಕೆ ಬರುವಂಥದ್ದು ಅದರಲ್ಲೇನೂ ಇಲ್ಲ. ಈ ಪ್ರಮಾಣಪತ್ರ ಸಾಕಾಗಬಹುದು.

ವಿಮಲಾ


ಭದ್ರಾವತಿ
೩೧ ಆಗಸ್ಟ್ ೨೦೨೪

ಪೂಜ್ಯ ಟೀಚರಿಗೆ ನಮಸ್ಕಾರ.

ಮೊನ್ನೆ ಬುಧವಾರ ಸಮಿತಿಯ ಮುಂದೆ ಹೋಗಿದ್ದೆವು. ನಿಮ್ಮ ಕಾಗದವನ್ನು ಅಧಿಕಾರಿ ಪೂರ್ತಿ ಓದಿದರು. ಮರ್ಯಾದೆಯಿಂದಲೇ ಮಾತಾಡಿದರು. "ಟೀಚರ್ ಮಾತಿನ ಮೇಲೆ ಅನುಮಾನ ಇಲ್ಲ ಕಣ್ರೀ. ಆದ್ರೆ ಇವತ್ತು ಬರೆದಿದ್ದು ಇವತ್ತಿಂದೇ ಆಗುತ್ತೆ. ಆಗಿನ ಕಾಲದ್ದು ಒಂದು ಬರಹ, ಒಂದು ಸೀಲು ಇದ್ರೆ ತನ್ನಿ. ಇಪ್ಪತ್ನಾಲ್ಕನೇ ತಾರೀಕು ಇನ್ನೊಂದ್ಸಲ ಕೂರ್ತೀವಿ" ಅಂದರು.

ಆಗಿನ ಕಾಲದ ಬರಹ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು. ಅವ್ವ ಬರೆದದ್ದೆಲ್ಲ ಬಿದಿರಿನ ಮೇಲೆ, ಅದರಲ್ಲಿ ಜನ ಅಕ್ಕಿ ಕೇರಿ ಕೇರಿ ಸವೆಸಿಬಿಟ್ಟರು.

ಗೌರಿ ಹಬ್ಬ ಶುಕ್ರವಾರ. ಮೊರದ ಕೆಲಸ ಮೈತುಂಬ ಇದೆ. ಕವನ ಬೆಳಗಿನ ಓಟ ಬಿಟ್ಟಿದ್ದಾಳೆ. "ಅಪ್ಪಾ, ಸುಮ್ನೆ ಕೂತು ಏನ್ಮಾಡ್ಲಿ, ನಂಗೂ ಕಲಿಸು" ಅಂದಳು. ಇಪ್ಪತ್ಮೂರು ವರ್ಷ ಅವಳ ಕೈಗೆ ಕತ್ತಿ ಕೊಟ್ಟಿರಲಿಲ್ಲ, ಟೀಚರ್. ನಿನ್ನೆ ಕೊಟ್ಟೆ. ಸಂಜೆಯೊಳಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಎದ್ದು ಹೊಳೆ ಕಡೆ ಹೋಗಿ ಬಂದೆ.

ನೀವು ಕೈಲಾದದ್ದು ಮಾಡಿದಿರಿ. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಜಯಪ್ಪ


ದುರ್ಗಿಗುಡಿ, ಶಿವಮೊಗ್ಗ
೯ ಸೆಪ್ಟೆಂಬರ್ ೨೦೨೪

ಜಯಪ್ಪ,

ನಾನು ನಿನಗೆ ಸುಳ್ಳು ಬರೆದೆ. ಪಾಠ ಟಿಪ್ಪಣಿಯಲ್ಲಿ ಏನೂ ಇಲ್ಲ ಎಂದೆ. ಇದೆ. ಆಗಸ್ಟಿನಲ್ಲೇ ಸಿಕ್ಕಿತ್ತು. ಓದಿ, ಪುಸ್ತಕ ಮುಚ್ಚಿ, ಮತ್ತೆ ಟ್ರಂಕಿನ ಅಡಿಗೆ ಸೇರಿಸಿದೆ. ಈ ಸಾರಿ ಗೌರಿಗೆ ಬಾಗಿನ ಕೊಡುವಾಗ ಮೊರ ಮುಟ್ಟಲು ನನ್ನ ಕೈ ಬರಲಿಲ್ಲ. ಕವನಳ ಬೆರಳಿನ ಬಟ್ಟೆಯೇ ಕಣ್ಣ ಮುಂದೆ.

ದಿನದ ಪಾಠ ಬರೆದ ಮೇಲೆ ಕೆಳಗೆ ಒಂದು ಮಗುವಿನ ನಡತೆಯ ಬಗ್ಗೆ ಎರಡು ಸಾಲು ಬರೆಯುವುದು ನಾನೇ ಮಾಡಿಕೊಂಡ ನಿಯಮ. ಶನಿವಾರ ಹೆಡ್ಮಾಸ್ಟರು ಅದನ್ನೆಲ್ಲ ನೋಡಿ ಸಹಿ ಮಾಡಿ ಶಾಲೆಯ ಮೊಹರು ಒತ್ತುತ್ತಿದ್ದರು. ೧೯೭೮ರ ಸೆಪ್ಟೆಂಬರ್ ನಾಲ್ಕು, ಸೋಮವಾರ, ಗೌರಿ ಹಬ್ಬದ ಹಿಂದಿನ ದಿನ ಹೀಗೆ ಬರೆದಿದ್ದೇನೆ. ಇದ್ದದ್ದು ಇದ್ದ ಹಾಗೆ ಇಳಿಸುತ್ತಿದ್ದೇನೆ.

"ಜಯಪ್ಪ, ಎರಡನೆಯ ತರಗತಿ, ಮೇದರ ದುರ್ಗಮ್ಮನ ಮಗ. ಸಂಜೆ ಮನೆಗೆ ಎರಡು ಜೊತೆ ಮೊರ ತಂದಿದ್ದ. ನೀರು ಚಿಮುಕಿಸಿ ಒಳಗೆ ತೆಗೆದುಕೊಂಡೆ. ಜಗುಲಿಯಲ್ಲಿ ಕಾಫಿ ಕೊಟ್ಟೆ. ಯಾರೂ ಹೇಳದೆ ತಾನೇ ಲೋಟ ತೊಳೆದು, ಹೊರಗಿನವರ ಗೂಡಿನಲ್ಲಿ ಬೋರಲಿಟ್ಟು ಹೋದ. ನಡತೆ: ಜಾಣ."

ಕೆಳಗೆ ಹೆಡ್ಮಾಸ್ಟರ ಸಹಿ, ಮೊಹರು. ಅವರಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ನಿನಗೆ ಅಂದು ಜಾಣ ಎಂದದ್ದು ಮಗ್ಗಿಗೆ ಅಲ್ಲ. ಇದಕ್ಕೆ. ನೀನು ಆ ಮಾತಿನಿಂದ ಮಗಳನ್ನು ಓದಿಸಿದೆ ಎಂದು ಬರೆದೆಯಲ್ಲ, ಆಗ ನನಗೆ ಆ ದಿನ ನೆನಪಿರಲಿಲ್ಲ. ಪುಸ್ತಕ ತೆರೆದ ಮೇಲೆ ನೆನಪಾಯಿತು. ಅದನ್ನು ನಿನ್ನಿಂದ ಕಿತ್ತುಕೊಳ್ಳುವುದು ಹೇಗೆ ಎಂದು ಬಚ್ಚಿಟ್ಟೆ ಎಂದು ಮೊದಲು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ನನ್ನ ಮಾನ. ಶಾಲೆಯಲ್ಲಿ ಗೆರೆ ಎಳೆದು ಬಂದವಳು ಮನೆಯಲ್ಲಿ ಲೋಟ ಬೇರೆ ಇಟ್ಟಿದ್ದೆ. ಎರಡೂ ಒಂದೇ ಕೈ, ನನಗೆ ಆಗ ಒಂದಕ್ಕೊಂದು ಎದುರು ಅನ್ನಿಸಲೇ ಇಲ್ಲ.

ಇಪ್ಪತ್ನಾಲ್ಕಕ್ಕೆ ಪುಸ್ತಕ ತೆಗೆದುಕೊಂಡು ನಾನೇ ಬರುತ್ತೇನೆ. ನನ್ನ ಬಾಯಿಂದಲೇ ಓದುತ್ತೇನೆ. ನೀನು ಕ್ಷಮಿಸು ಎಂದು ಕೇಳುವುದಿಲ್ಲ. ಹನ್ನೊಂದು ಗಂಟೆಗೆ ಕಚೇರಿ ಮೆಟ್ಟಿಲ ಹತ್ತಿರ ಇರು, ನನಗೆ ಮೆಟ್ಟಿಲು ಹತ್ತಲು ಕೈ ಬೇಕು.

ವಿಮಲಾ


ಭದ್ರಾವತಿ
೧೯ ಅಕ್ಟೋಬರ್ ೨೦೨೪

ಪೂಜ್ಯ ಟೀಚರಿಗೆ ನಮಸ್ಕಾರ.

ನಿಮ್ಮ ಹಿಂದಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಆ ದಿನ ಮೆಟ್ಟಿಲ ಹತ್ತಿರ ನೀವು ಕೈ ಚಾಚಿದಿರಿ, ನಾನು ಹಿಡಿದುಕೊಂಡೆ.

ಮೊದಲು ಒಳ್ಳೆಯ ಸುದ್ದಿ. ಸಮಿತಿಯ ಕಾಗದ ಸಿಕ್ಕಿತು, ಕೆಲಸದ ಆದೇಶವೂ ಬಂತು. ಮುಂದಿನ ತಿಂಗಳು ತರಬೇತಿ. ಅಳತೆ ಕೊಟ್ಟು ಬಂದಿದ್ದಾಳೆ, ಖಾಕಿ ಹೊಲಿಯುತ್ತಿದ್ದಾರೆ.

ಸಮಿತಿಯ ಮುಂದೆ ನೀವೇ ಪುಸ್ತಕ ತೆರೆದು ಓದಿದಿರಿ. ಆ ಕಡೆಯ ಸಾಲು ಬಿಟ್ಟು ಓದಬಹುದಿತ್ತು. ಹೆಸರು, ತಾರೀಕು, ಮೊಹರು ಇಷ್ಟೇ ಅವರಿಗೆ ಬೇಕಾಗಿದ್ದು. ನೀವು ಬಿಡಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರೂ ನಮ್ಮಂಥ ಮನೆಯವರೇ ಇರಬೇಕು.

ನೋವಾಯಿತು, ಟೀಚರ್. ಸುಳ್ಳು ಹೇಳುವುದಿಲ್ಲ. ಲೋಟದ್ದಲ್ಲ. ಲೋಟ ನನಗೆ ಅವತ್ತೂ ಗೊತ್ತಿತ್ತು. ಆಗ ಎಲ್ಲ ಮನೆಯಲ್ಲೂ ಅಂಥದ್ದೊಂದು ಗೂಡು ಇತ್ತು, ಯಾವ ಮನೆಯದು ಎಲ್ಲಿದೆ ಎಂದು ಅವ್ವ ಮೊದಲೇ ಹೇಳಿ ಕಳಿಸುತ್ತಿದ್ದಳು. ಆದರೆ ಜಾಣ ಅನ್ನೋ ಮಾತನ್ನು ನಾನು ಆ ಗೂಡಿನಿಂದ ಬೇರೆ ಇಟ್ಟಿದ್ದೆ. ಅವತ್ತು ನಿಮ್ಮ ಮನೆಯಿಂದ ಕೇರಿಯವರೆಗೆ ಓಡಿಕೊಂಡು ಬಂದಿದ್ದೆ. ಅವ್ವನಿಗೆ ಹೇಳಿದೆ. ಅವಳು ಯಾತಕ್ಕೆ ಅಂದರು ಎಂದು ಕೇಳಿದಳು. ಮಗ್ಗಿಗೆ ಅಂದೆ. ಅವಳು ಹೂಂ ಅಂದು ದಬ್ಬೆ ಸೀಳುತ್ತಾ ಕೂತಳು. ಅವಳಿಗೆ ಗೊತ್ತಾಗಿತ್ತೋ ಏನೋ, ಈಗ ಕೇಳೋಣ ಅಂದರೆ ಅವಳಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕವನ ತುಂಬ ಹೊತ್ತು ಕಿಟಕಿ ಕಡೆ ತಿರುಗಿ ಕೂತಿದ್ದಳು. ಆಮೇಲೆ ಕೇಳಿದಳು.

"ಅಪ್ಪಾ, ನೀನು ಹೇಳ್ತಿದ್ದ ಜಾಣ ಇದೇನಾ?"

"ಇದೇ ಕಣವ್ವ."

"ಮಗ್ಗಿಗಲ್ವಾ?"

"ಅಲ್ವಂತೆ."

ಊರು ಹತ್ತಿರ ಬಂದಾಗ, "ಈಗ ಹೇಳು ನೋಡಣ, ಏಳರ ಮಗ್ಗಿ" ಅಂದಳು. ಬಸ್ಸಿನಲ್ಲಿ ಜನ ಇದ್ದರು, ನಾಚಿಕೆಯಾಯಿತು. ಅವಳು ಬಿಡಲಿಲ್ಲ. ಏಳೊಂದ್ಲ ಏಳು ಅಂತ ಶುರುಮಾಡಿ ಹತ್ತರವರೆಗೆ ಒಪ್ಪಿಸಿದೆ. ಅವಳು ಬೆರಳು ಮಡಚಿಕೊಂಡು ಕೇಳಿದಳು. "ಸರಿಯಾಗಿದೆ" ಅಂದಳು. ಅಷ್ಟೇ ಅಂದಳು. ನನಗೆ ಅಷ್ಟು ಸಾಕು.

ನಾಡಿದ್ದು ಸೋಮವಾರ ಅವಳು ಶಿವಮೊಗ್ಗಕ್ಕೆ ಬರುತ್ತಾಳೆ, ನಿಮ್ಮ ಮನೆಗೂ ಬರುತ್ತಾಳೆ. ಅವಳ ಕೈಯಲ್ಲಿ ಒಂದು ಜೊತೆ ಮೊರ ಕಳಿಸುತ್ತಿದ್ದೇನೆ. ಹಬ್ಬ ಕಳೆಯಿತು, ಇರಲಿ. ಒಂದು ನಾನು ಹೆಣೆದದ್ದು, ಅಂಚು ಸೊಟ್ಟಗಿರುವುದು ಅವಳದ್ದು. ಕಾಫಿ ಕೊಟ್ಟರೆ ಸಕ್ಕರೆ ಕಡಿಮೆ ಹಾಕಿ, ಓಡುವವಳು. ಲೋಟ ಅವಳು ತೊಳೆಯುವುದಿಲ್ಲ, ನಾನೇ ಹೇಳಿ ಕಳಿಸಿದ್ದೇನೆ.

ಮೊರವನ್ನು ಹಾಗೇ ಒಳಗೆ ತೆಗೆದುಕೊಳ್ಳಿ ಟೀಚರ್. ನೀರು ಮುಟ್ಟಿಸಬೇಡಿ, ಹಸಿ ಬಿದಿರು, ಬೂಸ್ಟು ಹಿಡಿಯುತ್ತದೆ.

ನಿಮ್ಮ ವಿದ್ಯಾರ್ಥಿ,
ಜಯಪ್ಪ